ಸರಾಸರಿ ಸಂಬಳದ ಅಂಕಿಯನ್ನು ನಂಬಿ ಕಾಲೇಜು ಸೇರುವ ಮುನ್ನ

ಕಂಪ್ಯೂಟರ್ ಸೈನ್ಸ್ ಓದಲು ಕಾಲೇಜು ಹುಡುಕುತ್ತಿರುವವರು ಮತ್ತು ಅವರ ಹೆತ್ತವರು ಶುಲ್ಕ ಕಟ್ಟುವ ಮೊದಲೇ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಎರಡು ಕಡೆ ಸೀಟು ಸಿಕ್ಕಿತ್ತು: ಒಂದು ಕಡಿಮೆ ಶುಲ್ಕದ ಸರ್ಕಾರಿ ಕಾಲೇಜು, ಇನ್ನೊಂದು ಅದರ ನಾಲ್ಕು ಪಟ್ಟು ಶುಲ್ಕದ ಖಾಸಗಿ ಕಾಲೇಜು. ಖಾಸಗಿ ಕಾಲೇಜಿನ ಕಿರುಹೊತ್ತಿಗೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಸರಾಸರಿ ಸಂಬಳ ಮತ್ತು ಶೇಕಡಾ 95ರ ಪ್ಲೇಸ್‌ಮೆಂಟ್ ನೋಡಿ ನಾನೂ ನನ್ನ ತಂದೆಯವರೂ ಒಪ್ಪಿಬಿಟ್ಟೆವು. ಆ ಅಂಕಿಗಳು ಸುಳ್ಳಾಗಿರಲಿಲ್ಲ. ಅವು ಯಾರ್‍ಯಾರನ್ನು ಸೇರಿಸಿಕೊಂಡ ಲೆಕ್ಕವೆಂದು ನಾವು ಕೇಳಿರಲಿಲ್ಲ.

ಹತ್ತು ಜನರಲ್ಲಿ ಒಂಬತ್ತು ಮಂದಿಗೆ ತಲಾ 4 ಲಕ್ಷ, ಒಬ್ಬರಿಗೆ 64 ಲಕ್ಷ ಸಂಬಳ ಸಿಕ್ಕಿದೆಯೆಂದು ಇಟ್ಟುಕೊಳ್ಳಿ. ಸರಾಸರಿ 10 ಲಕ್ಷ ಆಗುತ್ತದೆ, ಆದರೆ 10 ಲಕ್ಷ ಪಡೆದವರು ಅವರಲ್ಲಿ ಒಬ್ಬರೂ ಇಲ್ಲ. ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಡುವೆ ಬರುವ ಮಧ್ಯಾಂಕ ಕೇವಲ 4 ಲಕ್ಷ. ನಮ್ಮ ಕಾಲೇಜಿನಲ್ಲಿ ನಡೆದದ್ದೂ ಇದೇ. ಇನ್ನು ಶೇಕಡಾ 95ರ ಲೆಕ್ಕದಲ್ಲಿ ಪ್ಲೇಸ್‌ಮೆಂಟ್‌ಗೆ ಅರ್ಹರೆಂದು ಕಾಲೇಜೇ ನೋಂದಾಯಿಸಿದವರು ಮಾತ್ರ ಇದ್ದರು; ಒಂದು ವಿಷಯ ಬಾಕಿ ಉಳಿದಿದ್ದ ಕಾರಣಕ್ಕೆ ಕೊನೆಯ ವರ್ಷದಲ್ಲಿ ನನ್ನ ಹೆಸರೇ ಆ ಪಟ್ಟಿಯಿಂದ ಹೊರಗಿತ್ತು.

ಶುಲ್ಕಕ್ಕೆಂದು ಪಡೆದ ಶಿಕ್ಷಣ ಸಾಲದ ವಿಷಯದಲ್ಲೂ ತಪ್ಪು ನಮ್ಮದೇ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ ಎಂಬುದನ್ನು ಅಲ್ಲಿಯವರೆಗೆ ಬಡ್ಡಿಯೂ ಇಲ್ಲವೆಂದು ನಾವು ತಿಳಿದೆವು. ವರ್ಷಕ್ಕೆ ಶೇಕಡಾ 10ರ ಚಕ್ರಬಡ್ಡಿಯಲ್ಲಿ ಇಂದು ಪಡೆದ 100 ರೂಪಾಯಿ ನಾಲ್ಕು ವರ್ಷಗಳ ನಂತರ 146 ರೂಪಾಯಿಗೂ ಮಿಗಿಲಾಗುತ್ತದೆ. ಮೊದಲ ವರ್ಷ ಕೊಟ್ಟಿದ್ದ ಶುಲ್ಕ ವಿನಾಯಿತಿ ಅಂಕಗಳ ಷರತ್ತಿಗೆ ಒಳಪಟ್ಟಿದ್ದರಿಂದ ಎರಡನೆಯ ವರ್ಷ ಅದೂ ಕೈತಪ್ಪಿತು.

ಇದೆಲ್ಲಕ್ಕಿಂತ ಹೆಚ್ಚು ನೋವಾದದ್ದು ಪಾಠದ ವಿಷಯದಲ್ಲಿ. ಕೋರ್ಸಿನ ಹೆಸರಿನಲ್ಲಿ ಕೃತಕ ಬುದ್ಧಿಮತ್ತೆ ಇತ್ತು, ಆದರೆ ಅದಕ್ಕೆ ಅಡಿಪಾಯವಾದ ರೇಖೀಯ ಬೀಜಗಣಿತ ಮತ್ತು ಸಂಭವನೀಯತೆ ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ಓಡಿಸಿ ಮುಗಿಸಿದರು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಿದ್ದ ಅಧ್ಯಾಪಕರು ನಡುವೆಯೇ ಕೆಲಸ ಬಿಟ್ಟರು. ಉಳಿದ ಪಾಠ ಸ್ಲೈಡುಗಳಲ್ಲೇ ಮುಗಿಯಿತು. ಲ್ಯಾಬಿನಲ್ಲಿ ಹಿಂದಿನ ವರ್ಷದವರ ಪ್ರೋಗ್ರಾಮುಗಳನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುತ್ತಿದ್ದೆವು. ಅದೇ ಹೊತ್ತಿನಲ್ಲಿ ಸರ್ಕಾರಿ ಕಾಲೇಜಿಗೆ ಸೇರಿದ ನನ್ನ ಗೆಳೆಯ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರಲ್ಲಿ ಬೋಧನೆಗೆಂದೇ ರೂಪಿಸಿದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗೆ ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಮುಗಳು ಆಪರೇಟಿಂಗ್ ಸಿಸ್ಟಮ್‌ನಿಂದ ಕೆಲಸ ಮಾಡಿಸಿಕೊಳ್ಳುವ ದಾರಿ) ಸೇರಿಸುತ್ತಿದ್ದ, ಮತ್ತು ಅವನ ಅಧ್ಯಾಪಕರು ಆ ಕೋಡನ್ನು ಸಾಲುಸಾಲಾಗಿ ಓದಿ ತಪ್ಪು ತೋರಿಸುತ್ತಿದ್ದರು. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಮತ್ತು ಥ್ರೆಡ್ (ಅದರೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆ) ಇವುಗಳ ವ್ಯತ್ಯಾಸವನ್ನು ಸಂದರ್ಶನದಲ್ಲಿ ಕೇಳಿದಾಗ ನಾನು ಬಾಯಿಪಾಠದ ವ್ಯಾಖ್ಯೆ ಒಪ್ಪಿಸಿದೆ. ಎರಡು ಥ್ರೆಡ್‌ಗಳು ಒಂದೇ ಎಣಿಕೆಯನ್ನು ಏಕಕಾಲಕ್ಕೆ ಹೆಚ್ಚಿಸಿದರೆ ಏನಾಗುತ್ತದೆ ಎಂಬ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪಠ್ಯಸಾಮಗ್ರಿ, ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರು, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಎಲ್ಲವೂ ಇಂದು ಉಚಿತವಾಗಿ ಸಿಗುತ್ತವೆ. ಹಾಗಿರುವಾಗ ಕಾಲೇಜಿಗೆ ಕೊಡುವ ಹಣ ಮುಖ್ಯವಾಗಿ ನಮ್ಮ ಕೋಡನ್ನು ಓದಿ ತಿದ್ದುವ ಅಧ್ಯಾಪಕರಿಗೆ ಮತ್ತು ಜೊತೆಯಲ್ಲಿ ಕಲಿಯುವವರಿಗೆ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಕಟ್ಟಡ ತೋರಿಸಲು ಬರುವ ಪ್ರತಿನಿಧಿಯನ್ನು ಬಿಟ್ಟು, ಮೂರನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ನೀವೇ ಹುಡುಕಿ ಮಾತನಾಡಿಸಿ. ಈ ಸೆಮಿಸ್ಟರಿನಲ್ಲಿ ತಾವೇ ಬರೆದ ಅತಿ ದೊಡ್ಡ ಪ್ರೋಗ್ರಾಮ್ ಯಾವುದು, ಅದನ್ನು ಯಾರು ಓದಿದರು ಎಂದು ಕೇಳಿ.

ಈ ವರ್ಷ ತಂಗಿಗಾಗಿ ಹುಡುಕುವಾಗ, ಪ್ರವೇಶ ಪಡೆದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ, ಕೆಲಸ ಸಿಕ್ಕವರ ಸಂಖ್ಯೆ, ಸಂಬಳದ ಮಧ್ಯಾಂಕ ಮತ್ತು ನಾಲ್ಕೂ ವರ್ಷಗಳ ಪೂರ್ಣ ಶುಲ್ಕವನ್ನು ಲಿಖಿತವಾಗಿ ಕೊಡಿರೆಂದು ಐದು ಕಾಲೇಜುಗಳನ್ನು ಕೇಳಿದೆವು. ಎರಡು ಕಾಲೇಜುಗಳು ಕೊಟ್ಟವು. ಉಳಿದ ಮೂರನ್ನು ಪಟ್ಟಿಯಿಂದ ತೆಗೆದುಹಾಕಿದ್ದೇವೆ.