ಬೆಳಕೂ ಬೇಕು, ಮರೆಯೂ ಬೇಕು: ಕಿಟಕಿಗೆ ಯಾವ ಪರದೆ?

ದಾವಣಗೆರೆಯ ಒತ್ತೊತ್ತು ಬೀದಿಗಳಲ್ಲಿ ಕಿಟಕಿ ತೆಗೆದರೆ ಎದುರು ಮನೆಯ ಹಾಲ್ ಕಾಣುತ್ತದೆ, ಮುಚ್ಚಿದರೆ ಹಗಲಲ್ಲೇ ಲೈಟ್ ಹಾಕಬೇಕು. ಹಾಗಾದರೆ ಯಾವುದು ತರೋದು?

ತೆಳು ಬಿಳಿ ಕರ್ಟನ್ ಅಗ್ಗ, ಮನೆಯಲ್ಲೇ ಒಗೆಯಬಹುದು. ಹಗಲಲ್ಲಿ ಹೊರಗೆ ಬೆಳಕು ಜಾಸ್ತಿ, ಅದಕ್ಕೇ ಒಳಗಿನದು ಬೀದಿಗೆ ಕಾಣುವುದಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಎಲ್ಲ ಉಲ್ಟಾ. ಊಟಕ್ಕೆ ಕೂತವರ ಕೈ ತಟ್ಟೆಯಿಂದ ಬಾಯಿಗೆ ಹೋಗುವುದೂ ರಸ್ತೆಯಲ್ಲಿ ನಿಂತವರಿಗೆ ಕಾಣುತ್ತದೆ. ಸಣ್ಣ ತೂತುಗಳ ಬಟ್ಟೆಯನ್ನು ಮೇಲಕ್ಕೆ ಸುತ್ತಿಡುವ ಸನ್‌ಸ್ಕ್ರೀನ್ ರೋಲರ್ ಬ್ಲೈಂಡ್‌ಗೂ ಇದೇ ತೊಂದರೆ. ಅದರಲ್ಲಿ 3%, 5% ಅಂತ ಹೇಳುವುದು ಬಟ್ಟೆಯ ತೂತಿನ ಪ್ರಮಾಣ. ಕಡಿಮೆ ಇದ್ದಷ್ಟೂ ಮರೆ ಜಾಸ್ತಿ.

ಜೀಬ್ರಾ ಬ್ಲೈಂಡ್‌ನಲ್ಲಿ ದಪ್ಪ, ತೆಳು ಪಟ್ಟಿಗಳನ್ನು ಸರಿಸಿ ಬೆಳಕು ಹೊಂದಿಸಬಹುದು. ನೋಡಲು ಚೆಂದ, ಆದರೆ ಧೂಳು ಹಿಡಿದರೆ ಕರ್ಟನ್‌ನಂತೆ ಬಿಚ್ಚಿ ಒಗೆಯಲಾಗದು. ರಸ್ತೆ ಬದಿಯ ಮನೆಗೆ ನಾನಂತೂ ಬೇಡ ಅನ್ನುತ್ತೇನೆ.

ಪಶ್ಚಿಮದ ಕಿಟಕಿಗೆ ಬಿದಿರಿನ ಪರದೆಯನ್ನು ಹೊರಗಡೆ ಕಟ್ಟಿಸಿ. ಏಪ್ರಿಲ್ ಬಿಸಿಲು ಗಾಜಿಗೆ ತಾಗುವ ಮೊದಲೇ ತಡೆಯುತ್ತದೆ. ಒಳಗಿನ ಯಾವ ಪರದೆಯೂ ಅಷ್ಟು ಮಾಡದು. ಬಚ್ಚಲಿಗೆ ಗಾಜಿನ ಮೇಲೆ ಮಬ್ಬು ಸ್ಟಿಕ್ಕರ್ ಸಾಕು.

ಹಾಲ್, ಬೆಡ್‌ರೂಮಿಗೆ ನನ್ನ ಆಯ್ಕೆ ಎರಡು ರಾಡ್: ಒಳಗೆ ದಪ್ಪ ಕಾಟನ್, ಗಾಜಿನ ಕಡೆ ತೆಳು ಕರ್ಟನ್. ಹಗಲು ತೆಳುವಿನದು, ಲೈಟ್ ಹಾಕುವ ಮೊದಲು ದಪ್ಪನೆಯದು. ನೆಲಮಹಡಿಯಾದರೆ ಕೆಳಗಿನ ಅರ್ಧಕ್ಕಷ್ಟೇ ಪರದೆ ಹಾಕಿ, ಮೇಲಿಂದ ಬೆಳಕು ಧಾರಾಳ. ಎದುರಿಗೆ ಮಹಡಿ ಮನೆ ಇದ್ದರೆ ಮಾತ್ರ ಇದು ಬೇಡ, ಮೇಲಿಂದ ಕಾಣುತ್ತದಲ್ವಾ.