ಚಪ್ಪಟೆ ಮಾಡಿಗೆ ಶಿಂಗಲ್ಸ್ ಹೊಡೆಸಿ ಕೆಟ್ಟೆ

ಅಮೆರಿಕದ ಮಿನಿಯಾಪೊಲಿಸ್ ಕಡೆ ಹಳೇ ಮನೆ ಕೊಳ್ಳುತ್ತಿರುವ ನಮ್ಮವರು ದಯವಿಟ್ಟು ಮನೆಯ ಹಿಂದಕ್ಕೆ ಹೋಗಿ ಒಮ್ಮೆ ಮೇಲೆ ನೋಡಿ. ಆಮೇಲೆ ಸೇರಿಸಿ ಕಟ್ಟಿದ ಒಂದು ಕೋಣೆ ಇರುತ್ತದಲ್ಲ, ಅದರ ಚಪ್ಪಟೆ ರೂಫ್. ನನ್ನ ದುಡ್ಡು ಮುಳುಗಿದ್ದು ಅಲ್ಲಿಯೇ.

ನಾನು ತೀರ್ಥಹಳ್ಳಿ ಕಡೆಯವನು. ಸೋರುವ ಮನೆ ನನಗೆ ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ, ಒಡೆದದ್ದು ಬದಲಿಸಿದರೆ ಮುಗೀತು. ಅದೇ ಧೈರ್ಯದಲ್ಲಿ 2022ರ ಅಕ್ಟೋಬರಿನಲ್ಲಿ ಆ ರೂಫ್ ಹೊಸದಾಗಿ ಮಾಡಿಸಲು ಎರಡು ಕಡೆ ರೇಟ್ ಕೇಳಿದೆ. ಇಬ್ಬರೂ ಒಂಬತ್ತು ಸಾವಿರ ಡಾಲರ್ ಆಸುಪಾಸು ಹೇಳಿದರು. ಮೂರನೆಯವನು ತಾನಾಗಿಯೇ ಬಾಗಿಲು ತಟ್ಟಿದ. 3,800 ಸಾಕು ಅಂದ. ಹಳೇದನ್ನು ಕೀಳುವುದು ಬೇಡ, ಅದರ ಮೇಲೇ ಶಿಂಗಲ್ಸ್ (ಹಂಚಿನ ಹಾಗೆ ಒಂದರ ಮೇಲೊಂದು ಹೊಡೆಯುವ ಡಾಂಬರಿನ ಹಾಳೆ) ಹೊಡೆಯೋಣ, ನಗರದವರ ಪರ್ಮಿಟ್ ದುಡ್ಡೂ ಉಳಿಯುತ್ತೆ ಅಂದ. ಸ್ಥಳದಲ್ಲೇ 3,000 ಮುಂಗಡ ಕೊಟ್ಟೆ. ಹೆಂಡತಿ "ಲೈಸೆನ್ಸ್ ನಂಬರ್ ಕೇಳಿದ್ರಾ?" ಅಂದಳು. ಕೇಳಿರಲಿಲ್ಲ.

ಕೆಲಸ ಮುಗಿದಾಗ ನವೆಂಬರ್ ಕೊನೆ. ಶಿಂಗಲ್ಸ್‌ಗೆ ಅಂಟಿನ ಪಟ್ಟಿ ಇರುತ್ತದೆ, ಬಿಸಿಲಿಗೆ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಳ್ಳಬೇಕು. ಆ ಚಳಿಯಲ್ಲಿ ಎಲ್ಲಿ ಹಿಡಿಯುತ್ತೆ?

ಆ ಚಳಿಗಾಲ ಇಲ್ಲಿದ್ದವರಿಗೆ ನೆನಪಿರುತ್ತದೆ. ಒಟ್ಟು 90 ಇಂಚು ಸ್ನೋ. ಜನವರಿಯ ಒಂದು ರಾತ್ರಿ ಟಿವಿ ಮೇಲಿನ ಸೀಲಿಂಗಿನಲ್ಲಿ ಟೀ ಬಣ್ಣದ ಕಲೆ ಕಂಡಿತು. ಬೆಳಿಗ್ಗೆ ಕಿಟಕಿಯ ಚೌಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಮಳೆ ಇಲ್ದೆ ಹೆಂಗೆ ಸೋರ್ತದೋ ಮಗಾ?"

ಸೋರುವುದು ಹೀಗೆ. ಮನೆಯೊಳಗಿನ ಬಿಸಿ ಸೀಲಿಂಗ್ ದಾಟಿ ಮೇಲೆ ಹೋಗುತ್ತದೆ. ಮಾಡಿನ ಮೇಲಿನ ಸ್ನೋ ತಳದಿಂದ ಕರಗುತ್ತದೆ. ಆ ನೀರು ಸೂರಿಗೆ ಬಂದಾಗ ಅಡಿಯಲ್ಲಿ ಬಿಸಿ ಇಲ್ಲ, ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಇಲ್ಲಿನವರು ಅದನ್ನು ಐಸ್ ಡ್ಯಾಮ್ ಅನ್ನುತ್ತಾರೆ. ಹಿಂದಿನಿಂದ ಬಂದ ನೀರು ಕಟ್ಟೆಗೆ ತಡೆದು ನಿಂತು, ವಾಪಸ್ ಮೇಲಕ್ಕೆ ಏರುತ್ತದೆ. ಹಂಚಾಗಲಿ ಶಿಂಗಲ್ಸ್ ಆಗಲಿ, ಇಳಿಯುವ ನೀರಿಗೆ ಮಾಡಿದ್ದು. ಏರುವ ನೀರಿಗೆ ಅವು ಜರಡಿ. ಮಾಡು ಚಪ್ಪಟೆಯಾದಷ್ಟೂ ನೀರು ಒಳಗೊಳಗೆ ದೂರ ಹೋಗುತ್ತದೆ.

ಇಳಿಜಾರನ್ನು ಇಲ್ಲಿ 12 ಇಂಚು ಅಡ್ಡಕ್ಕೆ ಎಷ್ಟು ಇಂಚು ಏರಿದೆ ಅಂತ ಲೆಕ್ಕ ಹಾಕುತ್ತಾರೆ. 4 ಇಂಚಿಗಿಂತ ಕಡಿಮೆ ಇದ್ದರೆ ಶಿಂಗಲ್ಸ್ ಅಡಿಗೆ ಎರಡು ಪದರ ಹಾಸು ಬೇಕು. 2 ಇಂಚಿಗಿಂತ ಕಡಿಮೆ ಇದ್ದರೆ ಶಿಂಗಲ್ಸ್ ಹಾಕುವಂತೆಯೇ ಇಲ್ಲ. ನನ್ನದು ಒಂದೇ ಇಂಚು! ಒಂದು ರಸಮಟ್ಟ, ಒಂದು ಟೇಪ್ ಇದ್ದಿದ್ದರೆ ಎರಡು ನಿಮಿಷದಲ್ಲಿ ನಾನೇ ಅಳೆಯಬಹುದಿತ್ತು. ಸೂರಿನ ಅಂಚಿನಿಂದ ಹೊರಗೋಡೆ ದಾಟಿ 24 ಇಂಚು ಒಳಗಿನ ತನಕ ಅಂಟುವ ಐಸ್ ಅಂಡ್ ವಾಟರ್ ಹಾಳೆ ಹಾಕಬೇಕು ಅಂತಲೂ ನಿಯಮ ಇದೆ. ಅದೂ ಇರಲಿಲ್ಲ. ಪರ್ಮಿಟ್ ತೆಗೆದಿದ್ದರೆ ನಗರದ ಇನ್‌ಸ್ಪೆಕ್ಟರ್ ಕಣ್ಣಿಗೆ ಇದೆಲ್ಲ ಬೀಳುತ್ತಿತ್ತು. ಅವನು ಪರ್ಮಿಟ್ ಬೇಡ ಅಂದದ್ದು ನನ್ನ ದುಡ್ಡು ಉಳಿಸಲಿಕ್ಕಲ್ಲ.

ಮೇಲಿಂದ ನನ್ನದೂ ಒಂದು ಪೆದ್ದುತನ. ಗಾಬರಿಯಲ್ಲಿ ಏಣಿ ಹತ್ತಿ ಸುತ್ತಿಗೆಯಿಂದ ಐಸ್ ಒಡೆದೆ. ಚಳಿಗೆ ಶಿಂಗಲ್ಸ್ ಹಪ್ಪಳ ಇದ್ದ ಹಾಗೆ, ಅದೂ ಮುರಿದು ಬಂತು. ನೀವು ನೆಲದ ಮೇಲೆ ನಿಂತು ಉದ್ದ ಕೋಲಿನ ರೂಫ್ ರೇಕ್‌ನಿಂದ ಹೊಸ ಸ್ನೋ ಎಳೆದುಹಾಕಿ. ಕಟ್ಟೆ ಆಗಲೇ ಕಟ್ಟಿದ್ದರೆ ಹಬೆಯಿಂದ ಕರಗಿಸುವವರನ್ನು ಕರೆಸಿ. ದುಬಾರಿ, ನಿಜ.

ಫೆಬ್ರವರಿ ಹೊತ್ತಿಗೆ ಶಿಂಗಲ್ಸ್ ಹೊಡೆದವನ ಫೋನ್ ಬಂದ್. ಕಾಂಟ್ರಾಕ್ಟರ್ ಮೋಸ ಮಾಡಿದರೆ ಮನೆಯವರಿಗೆ ಪರಿಹಾರ ಕೊಡುವ ನಿಧಿ ನಮ್ಮ ಈ ಮಿನೆಸೋಟ ರಾಜ್ಯದ ಸರ್ಕಾರದಲ್ಲಿದೆ. ಆದರೆ ಲೈಸೆನ್ಸ್ ಇರುವವನು ಮೋಸ ಮಾಡಿರಬೇಕು. ಇವನಿಗಿರಲಿಲ್ಲ, ನನಗೆ ಒಂದು ಪೈಸೆಯೂ ಸಿಗಲಿಲ್ಲ. ಲೈಸೆನ್ಸ್ ಇದೆಯೋ ಇಲ್ಲವೋ ಅನ್ನುವುದನ್ನು ರಾಜ್ಯದ ಕಾರ್ಮಿಕ ಮತ್ತು ಉದ್ಯಮ ಇಲಾಖೆಯಲ್ಲಿ ಯಾರು ಬೇಕಾದರೂ ನೋಡಬಹುದು.

2023ರ ಬೇಸಿಗೆಯಲ್ಲಿ ಮೊದಲಿನ ಇಬ್ಬರಲ್ಲಿ ಒಬ್ಬರನ್ನು ತಲೆ ತಗ್ಗಿಸಿಕೊಂಡು ಕರೆಸಿದೆ. ಈಗ ರೇಟ್ 11,500. ಎಲ್ಲಾ ಪದರ ಕಿತ್ತರು. ಹಲಗೆ ಕೈಯಲ್ಲೇ ಪುಡಿಯಾಯಿತು. ಬಾತ್‌ರೂಮ್ ಫ್ಯಾನಿನ ಪೈಪ್ ಹೊರಗೆ ಹೋಗದೆ ಸೀಲಿಂಗ್ ಮೇಲೇ ಬಾಯಿ ಬಿಟ್ಟುಕೊಂಡಿತ್ತು. ಸ್ನಾನದ ಹಬೆಯೆಲ್ಲ ಮರಕ್ಕೆ! ಅದನ್ನು ಹೊರಗೆ ತಿರುಗಿಸಿ, ಸಂದು ಮುಚ್ಚಿ, ಗಟ್ಟಿ ಇನ್ಸುಲೇಶನ್ ಹಾಸಿ, ಮೇಲೆ 60 ಮಿಲ್ (ಸುಮಾರು ಒಂದೂವರೆ ಮಿಲಿಮೀಟರ್) ದಪ್ಪದ ಇಪಿಡಿಎಂ ಅನ್ನುವ ಕೃತಕ ರಬ್ಬರ್ ಹಾಳೆ ಹಾಕಿದರು. ಕೊಳೆತ ಹಲಗೆ ಒಂದಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಂಡಿದ್ದೆ. ಕೊನೆ ಕಂತಿಗೆ ಮುಂಚೆ ಲೀನ್ ವೇವರ್, ಅಂದರೆ ಮನೆಯ ಮೇಲೆ ಹಕ್ಕು ಹೂಡುವುದಿಲ್ಲ ಅಂತ ಬರೆದುಕೊಡುವ ಪತ್ರವನ್ನೂ ತೆಗೆದುಕೊಂಡೆ. ಅದಿಲ್ಲದಿದ್ದರೆ, ಕಾಂಟ್ರಾಕ್ಟರ್ ಸಾಮಾನು ತಂದ ಅಂಗಡಿಗೆ ಬಾಕಿ ಉಳಿಸಿದರೂ ಅಂಗಡಿಯವರು ನಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು.

ಆಮೇಲೆ ಬಂದ ಚಳಿಗಾಲ ಇಲ್ಲಿ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಸ್ನೋ ಅಂತ ಬಿದ್ದದ್ದೇ ಸ್ವಲ್ಪ. ಹೊಸ ರೂಫ್ ರೇಕ್ ಗ್ಯಾರೇಜಿನಲ್ಲಿ ಸುಮ್ನೆ ನಿಂತಿತ್ತು. ಆದರೂ ಟಿವಿ ಪಕ್ಕದ ಬಕೆಟ್ ಎತ್ತಿಡಲು ನನಗೆ ಮಾರ್ಚ್ ತನಕ ಧೈರ್ಯ ಬರಲಿಲ್ಲ.