ಹಳೇ ಮಾರುತಿ 800ಕ್ಕೆ ಮನೆಯಲ್ಲೇ ತುಕ್ಕು ರಿಪೇರಿ: ಕನ್ವರ್ಟರ್, ಪುಟ್ಟಿ, ಕೋಟಿಂಗ್ ಕೆಲವು ಮಳೆಗಾಲ ದಾಟಿದ ಮೇಲೆ

ತುಕ್ಕಿಗೆ ಹಚ್ಚುವ ಸಾಮಾನುಗಳ ವಿಮರ್ಶೆಗೆ ಆನ್‌ಲೈನಿನಲ್ಲಿ ಬರ ಇಲ್ಲ. ಆದರೆ ಹೆಚ್ಚಿನವು ಹಚ್ಚಿದ ಮರುದಿನ ಬರೆದವು. 'ಹಚ್ಚಿದೆ, ಕಪ್ಪಾಯ್ತು, ಸೂಪರ್' ಎಂದು ಐದು ಸ್ಟಾರ್. ಮರುದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಇದಕ್ಕೆ ಮಾರ್ಕು ಹಾಕಬೇಕಾದದ್ದು ಮಳೆಗಾಲ. ಅದೂ ಒಂದು ಸಾಲದು.

ನಮ್ಮದು ಉಡುಪಿ ಹತ್ತಿರದ ಮಲ್ಪೆ ಕಡೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಉಳಿದ ದಿನ ಉಪ್ಪು ಗಾಳಿ. ಅದೂ ಸಾಲದು ಅಂತ ಹೆದ್ದಾರಿ 66ರಲ್ಲಿ ಮುಂದೆ ಹೋಗುವ ಮೀನಿನ ಲಾರಿಯಿಂದ ಸುರಿಯುವ ಐಸ್ ನೀರು. ಇಲ್ಲಿ ನಿಂತದ್ದು ಬೇರೆಲ್ಲಿ ಬೇಕಾದರೂ ನಿಲ್ಲುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಗಾಡಿ ತೊಂಬತ್ತರ ದಶಕದ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್, ಬಿಳಿ ಬಣ್ಣ. 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿಯಲ್ಲಿ ನಿಂತ ಈ ಕಾರಿಗೆ ಇವತ್ತಿಗೂ ಸ್ಪೇರ್ ಪಾರ್ಟ್ಸ್‌ಗೆ ತೊಂದರೆ ಇಲ್ಲ. 796 ಸಿಸಿ ಇಂಜಿನ್ ಅಷ್ಟು ಬೇಗ ಕೈಕೊಡುವ ಜಾತಿಯದ್ದಲ್ಲ. ಕರಾವಳಿಯಲ್ಲಿ ಇದು ಗುಜರಿಗೆ ಹೋಗುವುದು ಬಾಡಿ ಹೋಗಿ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಅಷ್ಟು ದುಡ್ಡು ಕಟ್ಟಿ, ಕಾಲಿನಡಿಯ ತೂತಲ್ಲಿ ರಸ್ತೆ ಕಾಣುವ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲಿಕ್ಕಾಗುತ್ತದಾ? ಟಿಂಕರಿಂಗ್ ಶಾಪಿನಲ್ಲಿ ಹೇಳಿದ ರೇಟು ಗಾಡಿಯ ಬೆಲೆಗಿಂತ ಜಾಸ್ತಿ ಇತ್ತು. ಹಾಗಾಗಿ ವೆಲ್ಡಿಂಗ್ ಮತ್ತು ಒಂದಿಷ್ಟು ಪೇಂಟರ್ ಕೆಲಸ ಬಿಟ್ಟು ಉಳಿದದ್ದನ್ನು ನಾನೇ ಮಾಡಿದೆ.

ಮೊದಲು ತುಕ್ಕು ಕನ್ವರ್ಟರ್ ವಿಷಯ, ಅಂದರೆ ಹಚ್ಚಿದರೆ ತುಕ್ಕನ್ನೇ ಗಟ್ಟಿ ಪದರವಾಗಿ ಬದಲಾಯಿಸುವ ದ್ರವ. ಎಲ್ಲರೂ ಕೇಳುವುದು ಇದನ್ನೇ. ಮಾರ್ಕೆಟಿನಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತದೆ. ಒಂದು ಫಾಸ್ಫಾರಿಕ್ ಆಸಿಡ್ ಇರುವುದು, ನೀರಿನ ಹಾಗೆ ತೆಳು. ಹಚ್ಚಿದರೆ ತುಕ್ಕು ಬೂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಟ್ಯಾನಿಕ್ ಆಸಿಡ್‌ಗೆ ಲೇಟೆಕ್ಸ್ ತರಹದ ಅಂಟು ಬೆರೆಸಿದ್ದು. ಬಾಟಲಿಯಲ್ಲಿ ಹಾಲಿನ ಬಣ್ಣ, ತುಕ್ಕಿನ ಮೇಲೆ ಬಿದ್ದ ಸ್ವಲ್ಪ ಹೊತ್ತಿಗೆ ನೇರಳೆ, ಆಮೇಲೆ ಗಾಢ ಕಪ್ಪು. ನಾನು ಹೆಚ್ಚು ಬಳಸಿದ್ದು ಎರಡನೆಯದು.

ಕೆಲಸ ಮಾಡುತ್ತದಾ? ಮಾಡುತ್ತದೆ. ಆದರೆ ತೆಳು ತುಕ್ಕಿನ ಮೇಲೆ ಮಾತ್ರ. ವೈರ್ ಬ್ರಷ್ ಹಾಕಿ ಉಜ್ಜಿ, ಉದುರುವುದೆಲ್ಲ ಉದುರಿ, ಕಬ್ಬಿಣಕ್ಕೆ ಅಂಟಿಕೊಂಡ ಕಂದು ಬಣ್ಣ ಅಷ್ಟೇ ಉಳಿದಿರಬೇಕು. ಹಪ್ಪಳದ ಹಾಗೆ ಎದ್ದು ಬರುವ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಪದರ ಕಪ್ಪಾಗುತ್ತದೆ, ಅಡಿಯದ್ದು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಬಾಟಲಿಯ ಮೇಲೆ 'ತುಕ್ಕು ತೆಗೆಯುವ ಅಗತ್ಯವಿಲ್ಲ' ಎಂದು ಬರೆದಿದ್ದರೆ ಅದನ್ನು ನಂಬಬೇಡಿ.

ನನ್ನ ಗಾಡಿಯಲ್ಲಿ ಇದು ಅಚ್ಚುಕಟ್ಟಾಗಿ ನಿಂತದ್ದು ಬ್ಯಾಟರಿ ಟ್ರೇಯಲ್ಲಿ. ಅಲ್ಲಿ ಮೊದಲು ಅಡುಗೆ ಸೋಡಾ ಕಲಸಿದ ನೀರು ಹೊಯ್ದು, ನೊರೆ ಬರುವುದು ನಿಲ್ಲುವ ತನಕ ತೊಳೆದೆ. ಬ್ಯಾಟರಿಯ ಆಸಿಡ್ ಉಳಿದರೆ ಮೇಲೆ ಏನು ಹಚ್ಚಿದರೂ ದಂಡ. ಒಣಗಿಸಿ, ಉಜ್ಜಿ, ಎರಡು ಕೋಟ್ ಕನ್ವರ್ಟರ್, ಮೇಲೆ ಪೇಂಟ್. ಇವತ್ತಿಗೂ ಹಾಗೇ ಇದೆ. ಪೂರ್ತಿ ಸೋತದ್ದು ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ. ಅಲ್ಲಿ ಎರಡು ಶೀಟು ಒಂದಕ್ಕೊಂದು ಮಡಚಿ ಸೇರಿರುತ್ತವೆ. ತುಕ್ಕು ಹುಟ್ಟುವುದು ಆ ಎರಡರ ನಡುವೆ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಕನ್ವರ್ಟರೂ ಹೋಗುವುದಿಲ್ಲ. ಆಟಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮುಗಿಯುವುದರೊಳಗೆ ಪೇಂಟಿನಡಿ ಗುಳ್ಳೆ ಎದ್ದಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ನಡುವೆ ಸಿಕ್ಕಿದ ತುಕ್ಕು ಶೀಟನ್ನೇ ಬಿಡಿಸಿ ಹೊರಗೆ ನೂಕುತ್ತದೆ.

ಇನ್ನೊಂದು ಮಾತು. ಆಸಿಡ್ ಜಾತಿಯ ಕನ್ವರ್ಟರ್ ಹಚ್ಚಿದ ಜಾಗಕ್ಕೆ ಎಪಾಕ್ಸಿ ಪ್ರೈಮರ್ (ಪೇಂಟಿನಡಿಗೆ ಹೊಡೆಯುವ ಗಟ್ಟಿ ಕೋಟ್) ಹೊಡೆಯುವವರು ಎರಡೂ ಡಬ್ಬಿಯ ಸೂಚನೆ ಓದಿಕೊಳ್ಳಿ. ಆಸಿಡ್ ಉಳಿದಿದ್ದರೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಗ್ರೈಂಡರ್ ಹಿಡಿಯಲು ಸಾಧ್ಯವಿರುವ ಜಾಗದಲ್ಲಿ ಕನ್ವರ್ಟರೇ ಬೇಡ, ನೇರ ಎಪಾಕ್ಸಿ ಹೊಡೆಯಿರಿ. ಕನ್ವರ್ಟರ್ ಇರುವುದು ಗ್ರೈಂಡರ್ ತಲುಪದ, ಆದರೆ ಬ್ರಷ್ ತಲುಪುವ ಮೂಲೆಗಳಿಗೆ.

ಈಗ ನೆಲ. 800ರಲ್ಲಿ ಕಾರ್ಪೆಟ್ ಎತ್ತಿದರೆ ಕೆಳಗೆ ಡಾಂಬರಿನ ಶೀಟು ಅಂಟಿಸಿರುತ್ತಾರೆ, ಸದ್ದು ಕಡಿಮೆಯಾಗಲಿ ಅಂತ. ಮೇಲಿನಿಂದ ನೋಡಿದರೆ ಎಲ್ಲವೂ ಸರಿ ಇದೆ. ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಠಣ್ ಅನ್ನುತ್ತದೆ. ಡಬ್ ಅಂದರೆ ಅಲ್ಲಿ ನಿಲ್ಲಿಸಿ, ಡಾಂಬರಿನ ಅಂಚಿಗೆ ಉಳಿ ಕೊಟ್ಟು ಎತ್ತಿ. ನನಗೆ ಡ್ರೈವರ್ ಕಾಲಿನ ಹತ್ತಿರ ಡಾಂಬರಿನ ಜೊತೆ ನೆಲವೂ ಎದ್ದು ಬಂತು. ಅಂಗೈ ಅಗಲದ ತುಂಡು, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು ಹುಡಿ, ನಡುವೆ ಕಬ್ಬಿಣ ಅನ್ನುವುದೇ ಇಲ್ಲ. ಇಷ್ಟು ದಿನ ನನ್ನ ಹಿಮ್ಮಡಿ ನಿಂತಿದ್ದು ಡಾಂಬರಿನ ಮೇಲೆ!

ನೀರು ಎಲ್ಲಿಂದ ಬಂತು ಎಂದು ಮೊದಲು ಹುಡುಕಬೇಕು. ಇಲ್ಲದಿದ್ದರೆ ಮೇಲಿನ ಕೆಲಸ ಎಲ್ಲ ಸುಮ್ನೆ. ಗಾಡಿ ನಿಲ್ಲುತ್ತಿದ್ದದ್ದು ಹಲಸಿನ ಮರದಡಿ. ವೈಪರ್ ಕೆಳಗಿನ ಜಾಲರಿಯೊಳಗೆ ಎಲೆ ಕೊಳೆತು ನೀರು ಹೋಗುವ ದಾರಿ ಕಟ್ಟಿತ್ತು, ತುಂಬಿದ ನೀರು ಕಾರಿನೊಳಗೆ ಇಳಿಯುತ್ತಿತ್ತು. ಬಾಗಿಲಿನದ್ದೂ ಇದೇ ಕಥೆ. ಗ್ಲಾಸಿನ ರಬ್ಬರ್ ಬೀಡಿಂಗ್ ಗಟ್ಟಿಯಾದರೆ ಮಳೆನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಅಡಿಯ ಸಣ್ಣ ತೂತುಗಳು ಮಣ್ಣು ಕಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಹೊಸ ಬೀಡಿಂಗ್ ಹಾಕಿಸಿದೆ, ತೂತುಗಳಿಗೆ ತಂತಿ ಆಡಿಸಿದೆ. ಇಡೀ ಪ್ರಾಜೆಕ್ಟಿನಲ್ಲಿ ಅತಿ ಕಡಿಮೆ ಖರ್ಚಿನದ್ದೂ ಅತಿ ಜಾಸ್ತಿ ಲಾಭದ್ದೂ ಇದೇ.

ನೆಲಕ್ಕೆ ಬೇಕೆಂದೇ ಎರಡು ಬಗೆಯಲ್ಲಿ ಮಾಡಿ ನೋಡಿದೆ. ಡ್ರೈವರ್ ಕಡೆ ವೆಲ್ಡಿಂಗ್, ಪಕ್ಕದ ಸೀಟಿನ ಕಡೆ ಫೈಬರ್, ಅಂದರೆ ಗಾಜಿನ ನಾರಿನ ಮ್ಯಾಟ್ ಮೇಲೆ ರೆಸಿನ್ ಅಂಟು ಹಚ್ಚಿ ಗಟ್ಟಿ ಮಾಡುವುದು. ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವವರು ಇರುವುದರಿಂದ ಮ್ಯಾಟ್, ರೆಸಿನ್ ಎಲ್ಲ ಕಿಲೋ ಲೆಕ್ಕದಲ್ಲಿ ಸುಲಭವಾಗಿ ಸಿಗುತ್ತದೆ. ಅಂಗಡಿಯವರು ಒಂದು ವಿಷಯ ಎರಡೆರಡು ಸಲ ಹೇಳಿ ಕಳಿಸಿದರು: ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಕೆಟಲಿಸ್ಟ್ ಎರಡನ್ನೂ ನೇರವಾಗಿ ಒಟ್ಟಿಗೆ ಸೇರಿಸಬಾರದು, ಬೆಂಕಿ ಹಿಡಿದು ಸಿಡಿಯಬಹುದು. ಮೊದಲು ಒಂದನ್ನು ರೆಸಿನ್‌ಗೆ ಹಾಕಿ ಪೂರ್ತಿ ಕದಡಿ, ಆಮೇಲೆ ಇನ್ನೊಂದು.

ಫೈಬರ್ ಹಾಕಿದ ದಿನ ಬಹಳ ಖುಷಿ. ಕಲ್ಲಿನಷ್ಟು ಗಟ್ಟಿ, ವೆಲ್ಡರ್ ಬೇಡ, ಕಿಡಿ ಇಲ್ಲ. ಅದನ್ನು ನೋಡಿದ ವೆಲ್ಡರ್ ಮಾತ್ರ 'ಇದು ನಿಲ್ಲುದಿಲ್ಲ ಮಾರಾಯ್ರೆ, ಕಬ್ಬಿಣಕ್ಕೆ ಕಬ್ಬಿಣವೇ ಆಗ್ಬೇಕು' ಅಂದರು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಉಗುರು ಕೊಟ್ಟು ಎತ್ತಿದರೆ ಇಡೀ ತುಂಡು ಒಂದೇ ಹಲಗೆಯಾಗಿ ಕೈಗೆ ಬಂತು. ಫೈಬರ್ ಹೊಸದರ ಹಾಗೇ ಇತ್ತು, ಅದು ಹಿಡಿದಿದ್ದ ಕಬ್ಬಿಣ ಮಾತ್ರ ಹೋಗಿತ್ತು. ಪಾಲಿಯೆಸ್ಟರ್ ರೆಸಿನ್ ಉಕ್ಕಿಗೆ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಬಿಸಿಲಿಗೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಸಂದಿಗೆ ನೀರು ಹೋಯಿತೆಂದರೆ ಒಣಗಲು ದಾರಿ ಇಲ್ಲ. ಈ ಗಾಡಿಗೆ ಬೇರೆ ಚಾಸಿಸ್ ಅಂತ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಹಾಗಾಗಿ ಸೀಟು ಕೂರುವ, ಬೆಲ್ಟ್ ಕಟ್ಟುವ ಜಾಗ, ರನ್ನಿಂಗ್ ಬೋರ್ಡ್ (ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿ) ಇವಕ್ಕೆಲ್ಲ ಫೈಬರ್ ಹಾಕುವ ಯೋಚನೆಯೇ ಬೇಡ.

ವೆಲ್ಡಿಂಗ್ ಮಾಡಿಸಿದ ಕಡೆ ಇವತ್ತಿಗೂ ಗಟ್ಟಿ. ತಂತಿ ಮತ್ತು CO2 ಗ್ಯಾಸ್ ಬಳಸುವ ಸಿಓಟು ವೆಲ್ಡಿಂಗೇ ಆಗಬೇಕು. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್‌ಗೆ ಈ ತೆಳು ಶೀಟು ತೂತು ಬೀಳುತ್ತದೆ. ಕೊಳೆತ ಭಾಗ ಪೂರ್ತಿ ಕತ್ತರಿಸಿ, ಗಟ್ಟಿ ಕಬ್ಬಿಣ ಸಿಗುವ ತನಕ ಹೋಗಿ, 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು ಕಟ್ ಮಾಡಿ ಕೂರಿಸಿದ್ದು ನಾನು. ವೆಲ್ಡರ್ ಅಲ್ಲೊಂದು ಇಲ್ಲೊಂದು ಟ್ಯಾಕ್ ಹಾಕುತ್ತಾ, ಆರಲು ಬಿಡುತ್ತಾ ಸುತ್ತು ಮುಗಿಸಿದರು. ಒಂದೇ ಸಮ ಎಳೆದರೆ ಶೀಟು ಸುರುಟುತ್ತದೆ. ಸತು ಲೇಪಿಸಿದ ಜಿಐ ಶೀಟು ಬೇಡ, ಸತುವಿನ ಹೊಗೆಗೆ ಜ್ವರ ಬರುತ್ತದೆ. ಬ್ಯಾಟರಿ ಕಳಚಿ, ಸೀಟು ಕಾರ್ಪೆಟ್ ಎಲ್ಲ ಹೊರಗಿಟ್ಟು, ಪೆಟ್ರೋಲ್ ಪೈಪ್ ನೆಲದ ಕೆಳಗೆ ಎಲ್ಲಿ ಹೋಗುತ್ತದೆ ಎಂದು ಮೊದಲೇ ನೋಡಿಕೊಂಡು ಕೂರಬೇಕು.

ಪುಟ್ಟಿ ಬಗ್ಗೆ ಹೊಸದು ಹೇಳಲು ಜಾಸ್ತಿ ಇಲ್ಲ. ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ ಸುಮಾರು ನೂರು ಗ್ರಾಮಿಗೆ ಎರಡು ಗ್ರಾಮ್. ಸೆಕೆಗಾಲದಲ್ಲಿ ಮಧ್ಯಾಹ್ನ ಕಲಸಿದರೆ ಪ್ಲೇಟಿನಲ್ಲೇ ಕಲ್ಲಾಗುತ್ತದೆ, ಬೆಳಿಗ್ಗೆ ಬೇಗ ಮಾಡಿ. ಎರಡು ಮೂರು ಮಿಲಿಮೀಟರ್‌ಗಿಂತ ದಪ್ಪ ಬೇಡ. ತೂತಿಗಂತೂ ಪುಟ್ಟಿ ತುಂಬಬೇಡಿ. ಆದರೆ ಒಂದು ವಿಷಯದಲ್ಲಿ ನಮ್ಮ ಪೇಂಟರ್‌ಗಳ ಜೊತೆ ನನಗೆ ಜಗಳ ಇದೆ. ಪುಟ್ಟಿ ಹಾಕಿದ ಕೂಡಲೇ ವಾಟರ್ ಪೇಪರ್ ಹಿಡಿದು, ನೀರು ಸುರಿಯುತ್ತಾ ಉಜ್ಜುತ್ತಾರೆ. ಹುಡಿ ಹಾರುವುದಿಲ್ಲ, ನುಣುಪು ಬೇಗ ಬರುತ್ತದೆ, ಸರಿ. ಆದರೆ ಪುಟ್ಟಿ ನೀರು ಕುಡಿಯುತ್ತದೆ. ಆ ನೀರಿನ ಮೇಲೆ ಪ್ರೈಮರ್ ಹೊಡೆದರೆ ತುಕ್ಕಿಗೆ ನಾವೇ ಕರೆದು ಊಟ ಹಾಕಿದಂತೆ. ಪುಟ್ಟಿಯನ್ನು ಒಣ ಪೇಪರ್‌ನಲ್ಲೇ ಉಜ್ಜಿ, 80ರಿಂದ ಶುರು ಮಾಡಿ 220, 320ಕ್ಕೆ ಬನ್ನಿ, ಮಾಸ್ಕ್ ಹಾಕಿಕೊಳ್ಳಿ. ನೀರು ಮುಟ್ಟಿಸುವುದು ಪ್ರೈಮರ್ ಸರ್ಫೇಸರ್ (ಪುಟ್ಟಿಯ ಮೇಲೆ ಹೊಡೆಯುವ ಪ್ರೈಮರ್) ಆದ ಮೇಲೆ. ನನ್ನ ಎರಡು ಬಾಗಿಲಿನಲ್ಲಿ ಒಂದಕ್ಕೆ ಪೇಂಟರ್ ಕೈಯಲ್ಲಿ ನೀರು ಹಾಕಿ ಉಜ್ಜಿಸಿದ್ದು, ಇನ್ನೊಂದು ನಾನು ಒಣಗೇ ಉಜ್ಜಿದ್ದು. ಗುಳ್ಳೆ ಎದ್ದದ್ದು ಮೊದಲನೆಯದರಲ್ಲಿ.

ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು 'ಈಗ ಸೇಫ್, ಪೇಂಟ್ ಮಳೆ ಮುಗಿದ ಮೇಲೆ ನೋಡುವ' ಅನ್ನುವವರಿದ್ದಾರೆ. ಅದರೊಳಗೂ ನೀರು ಇಳಿಯುತ್ತದೆ. ಎರಡು ಡಬ್ಬಿಯದ್ದನ್ನು ಕಲಸಿ ಹೊಡೆಯುವ ಎಪಾಕ್ಸಿ ಪ್ರೈಮರ್‌ಗೆ ದುಡ್ಡು ಜಾಸ್ತಿ, ಆದರೆ ಈ ಪಟ್ಟಿಯಲ್ಲಿ ನಾನು ಕಣ್ಣು ಮುಚ್ಚಿ ಮತ್ತೆ ಕೊಳ್ಳುವ ಸಾಮಾನು ಅದೊಂದೇ.

ಪೇಂಟು ಬೇಗ ಮುಗಿಸುತ್ತೇನೆ. ಬಿಳಿ ಅಂದರೆ ಒಂದೇ ಬಿಳಿ ಅಲ್ಲ. ಹಳೇ ಬಿಳಿ ಹಳದಿ ತಿರುಗಿರುತ್ತದೆ, ಕೋಡ್ ಹೇಳಿ ಕಲಸಿದ್ದು ಹೊಂದುವುದಿಲ್ಲ. ಪೆಟ್ರೋಲ್ ಮುಚ್ಚಳದ ಬಾಗಿಲು ಬಿಚ್ಚಿ ಅಂಗಡಿಗೆ ಒಯ್ಯಿರಿ, ಅದನ್ನು ನೋಡಿ ಕಲಸಿಕೊಡುತ್ತಾರೆ. ಸ್ಪ್ರೇ ಡಬ್ಬಿ ಸಣ್ಣ ಜಾಗಕ್ಕೆ ಸಾಕು, ಪೆಟ್ರೋಲ್ ತಾಗುವ ಕಡೆ ಬೇಡ. ಹಾರ್ಡನರ್ ಸೇರಿಸುವ ಪಿಯು (ಪಾಲಿಯುರೆಥೇನ್) ಪೇಂಟ್ ಮನೆಯಲ್ಲಿ ಹೊಡೆಯಬೇಡಿ. ಅದರ ಐಸೊಸೈನೇಟ್ ಉಸಿರಾಟಕ್ಕೆ ತುಂಬಾ ಕೆಟ್ಟದ್ದು, ಮೆಡಿಕಲ್ ಶಾಪಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ನಾನು ಅದೊಂದನ್ನು ಪೇಂಟಿಂಗ್ ಬೂತ್ ಇರುವ ಕಡೆ ಮಾಡಿಸಿದೆ.

ಕೊನೆಗೆ ಅಂಡರ್‌ಬಾಡಿ ಕೋಟಿಂಗ್. ನನ್ನ ಲೆಕ್ಕದಲ್ಲಿ ದುಡ್ಡು ಹೆಚ್ಚು ದಂಡವಾದದ್ದು ಇದಕ್ಕೇ. ರಿಪೇರಿ ಶುರು ಮಾಡುವ ಮೊದಲೇ ಒಂದು ಕಡೆ ಗಾಡಿ ಎತ್ತಿ, ನೀರು ಹೊಡೆದು, ಸರಿಯಾಗಿ ಆರುವ ಮೊದಲೇ ಕಪ್ಪು ರಬ್ಬರ್ ಕೋಟಿಂಗ್ ಹೊಡೆದು ಕೊಟ್ಟಿದ್ದರು. ನೋಡಲಿಕ್ಕೆ ಹೊಸ ಗಾಡಿ. ಮುಂದೆ ರಿಪೇರಿಗೆ ಅಂತ ಅಡಿಯಲ್ಲಿ ಮಲಗಿ ಹೆಬ್ಬೆರಳಲ್ಲಿ ಒತ್ತಿದೆ, ಮೆತ್ತಗೆ ಒಳಗೆ ಹೋಯಿತು. ಬ್ಲೇಡಲ್ಲಿ ಕೊಯ್ದರೆ ಮೊದಲು ಬಂದದ್ದು ಚಮಚದಷ್ಟು ಕಂದು ನೀರು, ಆಮೇಲೆ ತುಕ್ಕಿನ ಚಕ್ಕೆ. ಹೊರಗಿನ ರಬ್ಬರಿಗೆ ಏನೂ ಆಗಿಲ್ಲ. ನೀರು ಒಳಗೆ ಬರದಂತೆ ತಡೆಯಬೇಕಾದದ್ದು ಒಳಗಿನ ನೀರನ್ನು ಹೊರಗೆ ಬಿಡದೆ ಕಾಪಾಡಿಕೊಂಡು ಬಂದಿತ್ತು. ಅದೇ ಜಾತಿಯ ಕೋಟಿಂಗನ್ನು ಹೊಸ ಶೀಟಿನ ಅಡಿಗೆ, ಎಪಾಕ್ಸಿ ಒಣಗಿದ ಮೇಲೆ ಹೊಡೆದದ್ದು ಮಾತ್ರ ಚೆನ್ನಾಗಿದೆ. ಹೊಸ ಕಾರಿಗೆ ಸರಿ. ಹಳೇ ಕಾರಿನ ತುಕ್ಕು ಮುಚ್ಚಲು ಬೇಡ.

ಹಿಂದಿನವರ ದಾರಿ ಕರಿ ಆಯಿಲ್, ಅಂದರೆ ಬಳಸಿ ತೆಗೆದ ಇಂಜಿನ್ ಆಯಿಲ್. ಮಳೆಗೆ ಮೊದಲು ಅಡಿಗೆ ಹೊಡೆದು ಬಿಡುವುದು. ತುಕ್ಕು ತಡೆಯುತ್ತದೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ, ವಾರಗಟ್ಟಲೆ ಅಂಗಳಕ್ಕೆ ತೊಟ್ಟಿಕ್ಕುತ್ತದೆ. ನಮ್ಮಲ್ಲಿ ಅಂಗಳದ ಮೂಲೆಯಲ್ಲೇ ಕುಡಿಯುವ ನೀರಿನ ಬಾವಿ. ದೋಣಿಗೆ ಬಳಿಯುವ ಗೇರು ಎಣ್ಣೆ ಹಾಕಿ ನೋಡಿ ಅಂದವರೂ ಇದ್ದಾರೆ. ಅದು ಮರಕ್ಕೆ, ಮೈಗೆ ತಾಗಿದರೆ ಸುಡುತ್ತದೆ, ನಾನು ಆ ಕಡೆ ಹೋಗಲಿಲ್ಲ. ಈಗ ಬಳಸುತ್ತಿರುವುದು ಲ್ಯಾನೊಲಿನ್ ಸ್ಪ್ರೇ, ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ಉದ್ದದ ನಳಿಗೆ ಹಾಕಿ ರನ್ನಿಂಗ್ ಬೋರ್ಡಿನ ಒಳಗೆ, ಬಾಗಿಲಿನ ಹೊಟ್ಟೆಗೆ ಹೊಡೆಯುತ್ತೇನೆ. ಒಣಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಸಂದಿಗೂ ಹರಿದು ಹೋಗುತ್ತದೆ. ಮೊದಲ ಕೆಲವು ದಿನ ಕುರಿದೊಡ್ಡಿಯ ವಾಸನೆ, ಮನೆಯವರು ಹತ್ತಲು ಒಪ್ಪುವುದಿಲ್ಲ. ಪ್ರತಿ ವರ್ಷ ಮತ್ತೆ ಹೊಡೆಯಬೇಕು. ಬೆಲೆಯೂ ಕಡಿಮೆ ಇಲ್ಲ. ಆದರೂ ಮಳೆಗಾಲದ ನಂತರ ರನ್ನಿಂಗ್ ಬೋರ್ಡಿನ ತೂತಿನ ಪ್ಲಗ್ ತೆಗೆದು ಟಾರ್ಚ್ ಬಿಟ್ಟು ನೋಡಿದಾಗ ಒಳಗೆ ಹೊಸ ತುಕ್ಕು ಕಂಡಿಲ್ಲ.

ಹೊಸದಾಗಿ ಕೈ ಹಾಕುವವರು ಡಿಸೆಂಬರ್ ಜನವರಿಯಲ್ಲಿ ಶುರು ಮಾಡಿ. ಗಾಳಿಯಲ್ಲಿ ತೇವ ಕಡಿಮೆ, ಎಲ್ಲವೂ ಸರಿಯಾಗಿ ಒಣಗುತ್ತದೆ. ಪತ್ತನಾಜೆಯೊಳಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಕೊನೆಯ ಕೋಟ್ ಆಗಿರಬೇಕು. ಕನ್ವರ್ಟರ್ ಸಣ್ಣ ಬಾಟಲಿ ಸಾಕು, ಬೇಕಾದಷ್ಟನ್ನು ಬೇರೆ ಕಪ್ಪಿಗೆ ಸುರಿದುಕೊಂಡೇ ಬ್ರಷ್ ಅದ್ದಿ. ತುಕ್ಕಿನ ಹುಡಿ ಹತ್ತಿದ ಬ್ರಷ್ಷನ್ನು ಬಾಟಲಿಗೇ ಅದ್ದಿದರೆ, ಮುಂದಿನ ಸಲ ತೆರೆಯುವಾಗ ಅದರೊಳಗಿನದ್ದು ಆಗಲೇ ಕಪ್ಪಾಗಿ ಗಡ್ಡೆ ಕಟ್ಟಿರುತ್ತದೆ.